ಅಡಿಕೆ ಮರದ ತುದಿಯ ಆಂಟೆನಾ

ಕರ್ನಾಟಕದಲ್ಲಿ ಟೀವಿ ಮೊದಲು ಕಾಲಿಟ್ಟದ್ದು ಬೆಂಗಳೂರಿನಲ್ಲಲ್ಲ, ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗಕ್ಕೆ ಆರು ರಾಜ್ಯಗಳ 2,400 ಹಳ್ಳಿಗಳನ್ನು ಆರಿಸಿದ್ದರು. ಜಾಲರಿ ತಂತಿಯ ಬುಟ್ಟಿ ಆಂಟೆನಾ ನಿಲ್ಲಿಸಿ, ಊರಿಗೊಂದು ಪೆಟ್ಟಿಗೆ ಇಟ್ಟು, ಸಂಜೆ ಊರನ್ನೇ ಅದರ ಮುಂದೆ ಕೂರಿಸಿದರು. ರಾಜಧಾನಿಯ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಮಲೆನಾಡಿನ ಸರದಿ ಅದಕ್ಕೂ ಆಮೇಲೆ.

ಆ ಸರದಿ ಬಂದಾಗ ಶಿವಮೊಗ್ಗ ಸೀಮೆಯ ತಾಲ್ಲೂಕು ಪೇಟೆಯೊಂದರ ರೇಡಿಯೋ ರಿಪೇರಿ ಅಂಗಡಿಯಲ್ಲಿ ಒಬ್ಬ ಹುಡುಗ ಬೆಸುಗೆ ಹಾಕುವುದನ್ನು ಕಲಿಯುತ್ತಿದ್ದ. ಮುಂದೆ ನಡೆದದ್ದನ್ನೆಲ್ಲ ಅವನು ನೋಡಿದ್ದು ಜನರ ಮಾಡಿನ ಮೇಲಿನಿಂದ.

1984ರ ಸುಮಾರಿಗೆ ಸರ್ಕಾರ ದೇಶದ ಉದ್ದಗಲಕ್ಕೂ ಸಣ್ಣ ಶಕ್ತಿಯ ಮರುಪ್ರಸಾರ ಕೇಂದ್ರಗಳನ್ನು ಒಂದರ ಹಿಂದೊಂದು ಹಾಕತೊಡಗಿತ್ತು. ಬಯಲಿನಲ್ಲಿ ಅವುಗಳ ಅಲೆ ಇಪ್ಪತ್ತು ಕಿಲೋಮೀಟರ್‌ವರೆಗೆ ಹೇಗೋ ತಲುಪುತ್ತಿತ್ತು. ಮಲೆನಾಡಿನಲ್ಲಿ ಗುಡ್ಡ ಅಡ್ಡ ಬಂದರೆ ಮುಗಿಯಿತು. ಮನೆಗಳಿರುವುದು ತೋಟದ ಪಕ್ಕ, ತೋಟವಿರುವುದು ಕಣಿವೆಯಲ್ಲಿ. ಹಾಗಾಗಿ ಹುಡುಗ ಅಂಗಡಿಯ ಸಾಹುಕಾರರೊಂದಿಗೆ ಅಲ್ಯೂಮಿನಿಯಂ ಕಡ್ಡಿಗಳ ಕಟ್ಟು, ಚಪ್ಪಟೆ ವೈರಿನ ಸುರುಳಿ, ಬೂಸ್ಟರ್ ಹೊತ್ತು ಬಸ್ಸಿಳಿದು ನಡೆಯಬೇಕಿತ್ತು. ಕಬ್ಬಿಣದ ಪೈಪು ದುಬಾರಿ. ಫಲ ನಿಂತ ಅಡಿಕೆ ಮರವನ್ನು ಕಡಿದು ಕಂಬ ಮಾಡಿ ನೆಟ್ಟರೆ ಮುಫತ್ತು. ಮನೆಯ ಹತ್ತಿರ ಏನೂ ಸಿಗದಿದ್ದರೆ ಹಿಂದಿನ ಗುಡ್ಡದ ನೆತ್ತಿಯಲ್ಲಿ ಕಂಬ ನಿಲ್ಲಿಸಿ, ಅಲ್ಲಿಂದ ಬ್ಯಾಣದ ಬೇಲಿಯುದ್ದಕ್ಕೂ ವೈರು ಇಳಿಸುವುದು.

ಮೇಲಿದ್ದವನು ಕಂಬ ತಿರುಗಿಸುತ್ತಾನೆ. ಅಂಗಳದಲ್ಲೊಬ್ಬ, ಜಗಲಿಯಲ್ಲೊಬ್ಬ, ಒಳಗೆ ಪೆಟ್ಟಿಗೆಯ ಮುಂದೆ ಮನೆಯ ಯಜಮಾನ. “ಬಂತಾ?” ಎಂದು ಮೇಲಿನಿಂದ ಹೊರಟ ಪ್ರಶ್ನೆ ಮೂರು ಬಾಯಿ ದಾಟಿ ಒಳಗೆ ಹೋಗಿ, “ಮಾತು ಬಂತು, ಮುಖ ಬರ್ಲಿಲ್ಲ” ಎಂಬ ಉತ್ತರ ಅದೇ ದಾರಿಯಲ್ಲಿ ಮರಳುವಷ್ಟರಲ್ಲಿ ಕಂಬ ಇನ್ನೆಲ್ಲೋ ತಿರುಗಿರುತ್ತಿತ್ತು. ಇವನು ಇಳಿದು ಬರುವುದೇ ತಡ, ಮತ್ತೆ ಚುಕ್ಕಿ ಚುಕ್ಕಿ. ಹತ್ತಿಯೇ ಇದ್ದರೆ ಚಿತ್ರ ಸ್ವಚ್ಛ! ಆಮೇಲಿನ ಶತ್ರುಗಳು ಮಂಗ ಮತ್ತು ಸಿಡಿಲು. ಮಂಗ ಜೋತಾಡಿ ಕಡ್ಡಿ ಬಗ್ಗಿಸಿದರೆ ನೆಟ್ಟಗೆ ಮಾಡಬಹುದು. ಮಳೆಗಾಲದ ಮುಂಚಿನ ಗುಡುಗಿನ ದಿನಗಳಲ್ಲಿ ಮಾತ್ರ ಅಂಗಡಿಯ ಬೆಂಚಿನ ಮೇಲೆ ಸುಟ್ಟ ವಾಸನೆಯ ಪೆಟ್ಟಿಗೆಗಳು ಸಾಲುಗಟ್ಟುತ್ತಿದ್ದವು. ಡಯನೋರಾ, ಸಾಲಿಡೇರ್, ಇಸಿ, ಕೆಲ್ಟ್ರಾನ್. ಕೆಲವಕ್ಕೆ ಅಂಗಡಿ ಬಾಗಿಲಿನಂತೆ ಎಳೆದು ಮುಚ್ಚುವ ಮರದ ಷಟರು, ಅದಕ್ಕೊಂದು ಬೀಗ.

ಇಷ್ಟೆಲ್ಲ ಪಾಡುಪಟ್ಟು ತರಿಸಿಕೊಂಡ ಚಿತ್ರ ಮಾತಾಡುತ್ತಿದ್ದದ್ದು ಹಿಂದಿ. ಸಣ್ಣ ಕೇಂದ್ರಗಳು ಬಿತ್ತರಿಸುತ್ತಿದ್ದದ್ದು ದೆಹಲಿಯಿಂದ ಉಪಗ್ರಹದ ಮೂಲಕ ಬಂದದ್ದನ್ನು. ಬೆಂಗಳೂರಿನ ಕನ್ನಡ ಕಾರ್ಯಕ್ರಮಗಳು ಜಿಲ್ಲೆಗಳಿಗೆ ತಲುಪಿದ್ದು ತಡವಾಗಿ. ಅಡಿಕೆ ಸುಲಿಯುತ್ತಾ ಕೂತ ಮುದುಕಿಯರು ‘ಕೃಷಿ ದರ್ಶನ’ದಲ್ಲಿ ಗೋಧಿ, ಸಾಸಿವೆಯ ಬೇಸಾಯವನ್ನು ಭಕ್ತಿಯಿಂದ ನೋಡಿದರು. ಅದೇ ಜಿಲ್ಲೆಯ ಆಗುಂಬೆಯಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದರು. ಮಲೆನಾಡಿನ ಓಣಿ, ಮಲೆನಾಡಿನ ಮನೆ, ಸ್ವಾಮಿಯಾಗಿ ಕನ್ನಡದ ಹುಡುಗ ಮಂಜುನಾಥ್. ಅದೂ ಪರದೆಯ ಮೇಲೆ ಹಿಂದಿಯಲ್ಲೇ ಮಾತಾಡಿತು. ಹೀಗಿದ್ದೂ ಯಾರೂ ಟೀವಿ ಆರಿಸಲಿಲ್ಲ ಎನ್ನುವುದನ್ನು ಭಾಷಾಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ. ಕನ್ನಡ ಹಾಡುಗಳ ‘ಚಿತ್ರಮಂಜರಿ’ ಕಾಣತೊಡಗಿದ ಮೇಲೆ ಅಂಗಡಿಗೆ ಆಂಟೆನಾ ಕೇಳಿಕೊಂಡು ಬರುವ ಹೆಂಗಸರೂ ಹೆಚ್ಚಿದರು.

1987ರ ಜನವರಿ 25ರಂದು ರಮಾನಂದ ಸಾಗರರ ‘ರಾಮಾಯಣ’ ಶುರುವಾಯಿತು. ಅದು ಮುಗಿದ 1988ರ ಜುಲೈವರೆಗೆ ರಿಪೇರಿಯವರಿಗೆ ಭಾನುವಾರವೆಂಬ ರಜೆಯೇ ಇರಲಿಲ್ಲ. ಶನಿವಾರ ರಾತ್ರಿಯೇ ಕರೆ. ಕರೆಂಟು ಕೈಕೊಟ್ಟರೆ ಇರಲಿ ಎಂದು ಲಾರಿಯ ಬ್ಯಾಟರಿ ಬಿಚ್ಚಿ ತಂದು ಸಣ್ಣ ಕಪ್ಪು–ಬಿಳುಪು ಸೆಟ್ಟಿಗೆ ಜೋಡಿಸಿಕೊಡುವುದೂ ಅವರದೇ ಕೆಲಸ. ಊರಿನ ಒಂದೆರಡು ಟೀವಿ ಮನೆಗಳಿಗೆ ಅರ್ಧ ಊರು ಬರುತ್ತಿತ್ತು. ಕಾಫಿಗೆ ಹಾಲು ಸಾಲದೆ ಮನೆಯೊಡತಿಯರು ಗೊಣಗುತ್ತಿದ್ದರು.

ಪೆಟ್ಟಿಗೆ ಎಲ್ಲಿಡಬೇಕೆಂಬ ಚರ್ಚೆಯಲ್ಲಿ ಆ ಹುಡುಗ ಎಷ್ಟೋ ಸಲ ಮೂಕಸಾಕ್ಷಿ. ಒಳಗೆ ಮನೆಯವರು ಮತ್ತು ನೆಂಟರು, ಹೊರಗೆ ತೋಟದ ಆಳುಗಳು. ಕೊನೆಗೆ ಪೆಟ್ಟಿಗೆಯನ್ನು ನಡುಮನೆಯ ಗೋಡೆಗೆ ಓರೆಯಾಗಿ, ಬಾಗಿಲಿನತ್ತ ಮುಖ ಮಾಡಿ ಇಡಿಸುತ್ತಿದ್ದರು, ಜಗಲಿಯಲ್ಲಿ ಕೂತವರಿಗೂ ರಾಮ ಕಾಣುವ ಹಾಗೆ. ಟೀವಿ ಜಾತಿಯ ಗೋಡೆ ಒಡೆಯಿತು ಎಂದು ಆಗ ಬರೆದವರಿದ್ದಾರೆ. ಹೊಸ್ತಿಲವರೆಗೆ ಕರೆತಂದಿತು ಎಂದರೆ ಸಾಕು. ಹೊಸ್ತಿಲು ದಾಟುವ ಮೊದಲೇ ಆಳುಗಳ ಮನೆಗೂ ಕಂತಿನ ಮೇಲೆ ಪೋರ್ಟಬಲ್ ಸೆಟ್ಟು ಬಂತು, ಜಗಲಿ ಖಾಲಿಯಾಯಿತು.

ಆಮೇಲೆ ಕೇಬಲ್. 1994ರ ಜೂನ್‌ನಲ್ಲಿ ಉದಯ ಟೀವಿ ಶುರುವಾದದ್ದೇ ಪೇಟೆಯವರಿಗೆ ನೆಪವಾಯಿತು. ಅಂಗಡಿಯ ಮಾಡಿನ ಮೇಲೆ ದೊಡ್ಡ ಜಾಲರಿ ಡಿಷ್ ಕೂತಿತು, ಹುಡುಗ ಏಣಿ ಹೊತ್ತು ಬೀದಿಬೀದಿ ಕಪ್ಪು ವೈರು ಎಳೆದ. ತಿಂಗಳ ಮೊದಲ ವಾರ ಚೀಟಿ ಪುಸ್ತಕ ಹಿಡಿದು ವಸೂಲಿ. ಅಡಿಕೆ ಕಂಬಗಳು ಹಿತ್ತಿಲಲ್ಲಿ ಒಲೆಗೆ ಹೋದವು. ರಾತ್ರಿ ವಿಡಿಯೋ ಪ್ಲೇಯರಿನಲ್ಲಿ ಹೊಸ ಸಿನಿಮಾ ಹಾಕುವ ಕಳ್ಳದಂಧೆಯೂ ಆಪರೇಟರುಗಳದ್ದೇ. ಸಂತೆಮಾಳದ ಟೂರಿಂಗ್ ಟಾಕೀಸಿನ ಡೇರೆ ಒಂದು ವರ್ಷ ಬಾರದೇ ಹೋದದ್ದಕ್ಕೆ ಅದೂ ಕಾರಣ.

ದೂರದರ್ಶನದಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಕೂಡಿ ಮಾಡಿದ ‘ಮಾಯಾಮೃಗ’ ಬಂದಾಗ, ಅದರ ಹೊತ್ತಿಗೆ ಕೇಬಲ್ ಕೆಟ್ಟರೆ ಬೈಗುಳ ಗ್ಯಾರಂಟಿ. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಬಂತು, ಸಂಜೆಯಿಡೀ ಧಾರಾವಾಹಿಗಳ ಪಾಲಾಯಿತು. ಭಜನೆ ಒಂದು ಗಂಟೆ ಹಿಂದಕ್ಕೆ ಸರಿಯಿತು, ನೆಂಟರು ಬಂದರೂ ಜಾಹೀರಾತಿನ ನಡುವೆಯೇ ಕುಶಲ ವಿಚಾರಿಸುವುದು ರೂಢಿಯಾಯಿತು. ಆದರೆ ಜಗಳ, ಆಸ್ತಿ, ಸೊಸೆಯ ನೌಕರಿಗಳ ಬಗ್ಗೆ ಮನೆಯೊಳಗೆ ಆಡಲಾಗದ ಮಾತುಗಳನ್ನು ಪಾತ್ರಗಳ ನೆಪದಲ್ಲಿ ಆಡಿಕೊಂಡವರೂ ಧಾರಾವಾಹಿ ನೋಡುತ್ತಿದ್ದ ಹೆಂಗಸರೇ. ಧಾರಾವಾಹಿಯನ್ನು ಬರೀ ಹಾಳು ಎನ್ನುವವರು ಆ ಮಾತುಗಳನ್ನು ಕೇಳಿದವರಲ್ಲ.

ಸೆಟ್ ಟಾಪ್ ಬಾಕ್ಸು ಕಡ್ಡಾಯವಾದಾಗ, 2013ರಲ್ಲಿ ಬೆಂಗಳೂರು, ಮೈಸೂರು, ಆಮೇಲೆ ಸಣ್ಣ ಊರುಗಳು, ಆಪರೇಟರ್ ದೊಡ್ಡ ಕಂಪನಿಯೊಂದರ ವಸೂಲಿಗಾರನಾದ. ಗಾಜಿನ ಕೊಳವೆಯ ಟೀವಿ ಹೋಗಿ ತೆಳು ಪ್ಯಾನೆಲ್ ಬಂದ ಮೇಲೆ ರಿಪೇರಿಯೂ ಸೊರಗಿತು; ಪ್ಯಾನೆಲ್ ಒಡೆದರೆ ಬದಲಿಸುವ ಖರ್ಚು ಹೊಸ ಟೀವಿಯ ಬೆಲೆಗೆ ಹತ್ತಿರ. ದೂರದರ್ಶನದ ಹಳೆಯ ಮರುಪ್ರಸಾರ ಕೇಂದ್ರಗಳು ಒಂದೊಂದಾಗಿ ಮುಚ್ಚಿದವು. ಮೊಮ್ಮಕ್ಕಳು ಮೂಲೆಗೊಬ್ಬರಂತೆ ಕೂತು ಮೊಬೈಲಿನಲ್ಲಿ ನೋಡುತ್ತಾರೆ, ಅಜ್ಜಿಯೂ ಬಿಟ್ಟುಹೋದ ಸಂಚಿಕೆಯನ್ನು ಅದರಲ್ಲೇ ಹಾಕಿಸಿಕೊಳ್ಳುತ್ತಾಳೆ.

ಅಂದಿನ ಹುಡುಗನಿಗೆ ಈಗ ಐವತ್ತು ದಾಟಿದೆ. ಅಂದು ಕೇಬಲ್ ಎಳೆದ ಬೀದಿಗಳಲ್ಲೇ ಇಂಟರ್ನೆಟ್ಟಿನ ಫೈಬರ್ ಎಳೆಯುತ್ತಾನೆ, ಕೊಯ್ಲಿನ ಕಾಲದಲ್ಲಿ ಅಡಿಕೆ ಕಣಗಳಿಗೆ ಸಿಸಿಟಿವಿ ಕ್ಯಾಮೆರಾ ಹಾಕಿಕೊಡುತ್ತಾನೆ. ಅಡಿಕೆಗೆ ರೇಟು ಏರಿದಷ್ಟೂ ಕಳ್ಳರ ಭಯ, ಕಳ್ಳರ ಭಯವಿದ್ದಷ್ಟೂ ಅವನಿಗೆ ಕೆಲಸ. ಹೋದ ಹಂಗಾಮಿನಲ್ಲಿ ಆರ್ಡರು ಪೂರೈಸಲಾಗದೆ ಇಬ್ಬರು ಹುಡುಗರನ್ನು ಸೇರಿಸಿಕೊಂಡಿದ್ದಾನೆ.