ನೀನ್ ಯಾವ್ ಕಡೆಯವ್ನು?

ಆಫೀಸಿನ ಗೆಳೆಯರು ಎಳೆದರು ಅಂತ 2025ರ ಐಪಿಎಲ್‌ನಲ್ಲಿ ನಾನೂ ಫ್ಯಾಂಟಸಿ ಕ್ರಿಕೆಟ್‌ಗೆ ಇಳಿದೆ. ನೂರು ಕ್ರೆಡಿಟ್ಟಿನೊಳಗೆ ಎರಡೂ ತಂಡಗಳಿಂದ 11 ಜನರನ್ನು ಆರಿಸಬೇಕು. ಕ್ಯಾಪ್ಟನ್‌ಗೆ ಎರಡು ಪಟ್ಟು ಪಾಯಿಂಟು, ವೈಸ್ ಕ್ಯಾಪ್ಟನ್‌ಗೆ ಒಂದೂವರೆ. 49 ರೂಪಾಯಿ ಹಾಕಿದ ಮೊದಲ ಮ್ಯಾಚಿಗೇ 300 ಬಂತು. ಇಂಜಿನಿಯರ್ ಅಲ್ವಾ, ತಕ್ಷಣ ಎಕ್ಸೆಲ್ ಶೀಟ್ ತೆರೆದೆ! ಆಮೇಲೆ ಶಿರಾಡಿ ಘಾಟಿಯ ಥರ ಬರೀ ಇಳಿಜಾರು. ಟಾಸ್ ಆದಮೇಲೆ ತಂಡ ಸರಿಮಾಡ್ಕೋಬೇಕು ಅನ್ನೋದೇ ಗೊತ್ತಿರಲಿಲ್ಲ. ಒಂದು ಸಲ ನನ್ನ ಕ್ಯಾಪ್ಟನ್ ಬೆಂಚಿನ ಮೇಲೆ ಕೂತಿದ್ದ. ಒಟ್ಟು ಹೋದದ್ದು 4,300. ನಮ್ಮ ತೋಟದಲ್ಲಿ ಕಾಫಿ ಕುಯ್ಯೋರ ಒಂದು ವಾರದ ಕೂಲಿಗಿಂತ ಜಾಸ್ತಿ.

ಜೂನ್ 3, 2025, ಫೈನಲ್. ಸಕಲೇಶಪುರದ ಹತ್ತಿರದ ನಮ್ಮೂರಲ್ಲಿ ಅಪ್ಪನ ಜೊತೆ ಟಿವಿ ಮುಂದೆ ಕೂತಿದ್ದೆ. ನನ್ನ ಕ್ಯಾಪ್ಟನ್ ಪಂಜಾಬಿನ ಶಶಾಂಕ್ ಸಿಂಗ್. ಕೊನೇ ಓವರಿಗೆ 29 ಬೇಕು. ಹೇಜಲ್‌ವುಡ್‌ನ ಮೊದಲೆರಡು ಬಾಲಿಗೆ ರನ್ ಬರಲಿಲ್ಲ. ಕಪ್ ನಮ್ದೇ ಅಂತಾಯ್ತು. ಅತ್ತ ಕೊಹ್ಲಿ ಕಣ್ಣಲ್ಲಿ ನೀರು, ಇತ್ತ ಅಪ್ಪನ ಕಣ್ಣಲ್ಲೂ. ಶಶಾಂಕ್ ಉಳಿದ ನಾಲ್ಕು ಬಾಲಲ್ಲಿ 22 ಹೊಡೆದ. ನಾನು ಒಂದೊಂದಕ್ಕೂ 'ಯೆಸ್' ಅಂತ ಕೂಗಿದೆ.

ಅಪ್ಪ ತಿರುಗಿ ನೋಡಿದ್ರು. "ನೀನ್ ಯಾವ್ ಕಡೆಯವ್ನೋ ಮಾರಾಯ?"

ಉತ್ತರ ಇರಲಿಲ್ಲ. ಆಗಸ್ಟಲ್ಲಿ ಸಂಸತ್ತಿನ ಕಾಯ್ದೆ ಬಂದು ದುಡ್ಡಿನ ಆಟಗಳು ನಿಂತವು. ನನ್ನದು ಅದಕ್ಕೂ ಮೊದಲೇ, ಆ ರಾತ್ರಿಯೇ ನಿಂತಿತ್ತು. ಆರ್‌ಸಿಬಿ ಕಪ್ಪಿಗೆ ಅಂತ 18 ಸೀಸನ್ ಕಾದವನು, ಅದು ಬಂದ ಗಳಿಗೆಯಲ್ಲಿ ಫೋನಲ್ಲಿ ಪಾಯಿಂಟು ಎಣಿಸ್ತಿದ್ದೆ.