ಮನೆಗೆ ಬಂದ ಡ್ರ್ಯಾಗನ್

ಮಕ್ಕಳ ಹುಟ್ಟುಹಬ್ಬವೆಂದರೆ ಒಂದು ಕಾಲಕ್ಕೆ ಎಣ್ಣೆಸ್ನಾನ, ಹೊಸ ಅಂಗಿ, ಆರತಿ, ಪಾಯಸ ಇಷ್ಟರಲ್ಲಿ ಮುಗಿದುಹೋಗುತ್ತಿತ್ತು. ಈಗ ಹಾಗಲ್ಲ. ಹಬ್ಬಕ್ಕೊಂದು 'ಥೀಮ್' ಬೇಕು. ಕೂಸು ಯಾವುದನ್ನು ಮೆಚ್ಚುವುದೋ ಅದಕ್ಕೆ ತಕ್ಕಂತೆ ಗೋಡೆ, ಬಲೂನು, ಕೇಕು, ಕೊನೆಗೆ ಅತಿಥಿಗಳು ಮನೆಗೊಯ್ಯುವ ಕಾಗದದ ಚೀಲ ಕೂಡ ವೇಷ ಬದಲಿಸಬೇಕು. ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ ನಾಲ್ಕನೆಯ ಅಂತಸ್ತಿನಲ್ಲಿ ವಾಸವಾಗಿರುವ ಒಂದು ಸಂಸಾರದಲ್ಲಿ, ಏಳು ತುಂಬಲಿದ್ದ ಹುಡುಗನು ತನ್ನ ಹಬ್ಬಕ್ಕೆ ಡ್ರ್ಯಾಗನ್ನೇ ಬರಬೇಕೆಂದು ಹಟ ಹಿಡಿದನು.

ತಂದೆ ಒಪ್ಪಿದರು. ತಾಯಿ ಕಾಗದ ಪೆನ್ಸಿಲು ಹಿಡಿದು ಪಟ್ಟಿ ಮಾಡಲು ಕುಳಿತರು. ಅಜ್ಜಿ, "ಅದೆಂಥ ಪ್ರಾಣಿಯೋ?" ಎಂದು ಕೇಳಿದರು. ಅಜ್ಜ ಮಾತ್ರ ಏನನ್ನೂ ಹೇಳಲಿಲ್ಲ. ಅವರು ಮಾತು ಕಡಿಮೆ ಮಾಡಿ ಎಂಟು ತಿಂಗಳಾಗಿತ್ತು. ಶೃಂಗೇರಿಯ ಕಡೆ ಎರಡು ಎಕರೆ ಅಡಕೆ ತೋಟವಿತ್ತು. ಹಳದಿ ಎಲೆ ರೋಗ ತಗುಲಿ ಫಸಲು ವರ್ಷದಿಂದ ವರ್ಷಕ್ಕೆ ಇಳಿಯಿತು, ಮೊಣಕಾಲು ಸೋತಿತು, ತೋಟವನ್ನು ಕ್ರಯಕ್ಕೆ ಕೊಟ್ಟು ಮಗನ ಮನೆಗೆ ಬಂದರು. ಬಂದವರು ಬಾಲ್ಕನಿಯ ಕುರ್ಚಿಯಲ್ಲಿ ಕುಳಿತರು. ಅಷ್ಟೇ. ಸೊಸೆ ಕಾಫಿ ತಂದರೆ ಕುಡಿಯುವರು; "ಊಟಕ್ಕೆ ಬನ್ನಿ ಮಾವ" ಎಂದರೆ ಏಳುವರು.

ಡ್ರ್ಯಾಗನ್ ಎಂಬುದು ಒಂದೇ ಪ್ರಾಣಿಯಲ್ಲವೆಂಬುದು ಪಟ್ಟಿ ಬೆಳೆಯುತ್ತಿದ್ದಂತೆ ತಿಳಿಯಿತು. ಯೂರೋಪಿನದಕ್ಕೆ ಬಾವಲಿಯ ರೆಕ್ಕೆ, ಬಾಯಲ್ಲಿ ಬೆಂಕಿ, ಗುಹೆಯಲ್ಲಿ ಚಿನ್ನದ ರಾಶಿ, ಅದನ್ನು ಈಟಿಯಿಂದ ಇರಿದ ಸಂತ ಜಾರ್ಜನ ಚಿತ್ರಗಳಿಗೆ ಲೆಕ್ಕವಿಲ್ಲ. ಚೀನದ್ದಕ್ಕೆ ಸಾಮಾನ್ಯವಾಗಿ ರೆಕ್ಕೆಯೇ ಇಲ್ಲ. ಹಾವಿನಂತೆ ನೀಳವಾದ ಮೈ. ಅದು ಮಳೆಗೂ ಹೊಳೆಗಳಿಗೂ ಒಡೆಯ, ಚಕ್ರವರ್ತಿಯ ಲಾಂಛನ. 2024ರ ಫೆಬ್ರವರಿ 10ರಂದು ಆರಂಭವಾದ ಚೀನೀ ಸಂವತ್ಸರಕ್ಕೆ ಅದರದೇ ಹೆಸರು. ಒಂದು ದೇಶದವರು ಕೊಲ್ಲಲು ಹುಡುಕಿದ್ದನ್ನು ಇನ್ನೊಂದು ದೇಶದವರು ಮಳೆಗಾಗಿ ಪ್ರಾರ್ಥಿಸಿದರು! ಕೇಕಿನ ಮೇಲೆ ಯಾವುದನ್ನು ಕೂಡಿಸುವುದು? ಹಣ್ಣಿನ ತಟ್ಟೆಯ ಸಮಸ್ಯೆ ಸುಲಭವಾಗಿ ಬಗೆಹರಿಯಿತು. ಡ್ರ್ಯಾಗನ್ ಹಣ್ಣು ಬೀದಿಯ ತಳ್ಳುಗಾಡಿಗೂ ಬಂದಿದೆ. ಅದಕ್ಕೆ 2021ರಲ್ಲಿ ಗುಜರಾತ್ ಸರ್ಕಾರ 'ಕಮಲಂ' ಎಂದು ನಾಮಕರಣ ಮಾಡಿತಾದರೂ ಗಾಡಿಯವನ ಬಾಯಲ್ಲಿ ಅದು ಇನ್ನೂ ಡ್ರ್ಯಾಗನ್ನೇ.

ತಂದೆಗೆ ಪುರಸೊತ್ತು ಕಡಿಮೆ. ಇಂಥ ಸಮಾರಂಭಗಳ ಏರ್ಪಾಡನ್ನೇ ಕಸುಬಾಗಿ ಉಳ್ಳವರಿಗೆ ಫೋನು ಮಾಡಿದರು. ಅವರ ಬಳಿ ಎಲ್ಲವೂ ಸಿದ್ಧವಾಗಿತ್ತು: ಥರ್ಮೊಕೋಲಿನ ಕೋಟೆ, ಹದಿನೈದು ಮಕ್ಕಳಿಗೆ ಹದಿನೈದು ರಟ್ಟಿನ ಕತ್ತಿ, ಹೊಟ್ಟೆಯಲ್ಲಿ ಚಾಕೊಲೇಟು ತುಂಬಿದ ಕಾಗದದ ಡ್ರ್ಯಾಗನ್. ಮಕ್ಕಳೆಲ್ಲ ಸುತ್ತುಗಟ್ಟಿ ಹೊಟ್ಟೆ ಒಡೆಯುವವರೆಗೆ ಅದನ್ನು ಹೊಡೆಯಬೇಕು. ಬೆಲೆ, ಮನೆಯ ಒಂದು ತಿಂಗಳ ಬಾಡಿಗೆಗೆ ಸರಿಸಮ.

ಬಾಡಿಗೆಯ ಮಾತು ದೊಡ್ಡವರನ್ನು ಚಿಂತೆಗೀಡುಮಾಡಿತು. ಹುಡುಗನು ಕಂಗೆಟ್ಟದ್ದು ಬೇರೆ ಕಾರಣಕ್ಕೆ.

"ಅದನ್ನು ಯಾಕೆ ಹೊಡೀಬೇಕು? ಹೊಡೆಯೋದಾದರೆ ನನಗೆ ಹಬ್ಬವೇ ಬೇಡ."

ಅವನ ಡ್ರ್ಯಾಗನ್ ಬಂದದ್ದು 2010ರಲ್ಲಿ ತೆರೆಕಂಡ 'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್' ಚಿತ್ರದಿಂದ. ಅಲ್ಲಿಯ ಹುಡುಗ ಕೊಲ್ಲಲು ಹೋಗಿ, ಕೈ ಬಾರದೆ, ಗೆಳೆತನ ಮಾಡಿಕೊಳ್ಳುತ್ತಾನೆ. ಅಜ್ಜಿ ಮೊಮ್ಮಗನ ಪಕ್ಷ ಹಿಡಿದರು. "ಕೃಷ್ಣ ಕಾಳಿಯನನ್ನು ಕೊಂದನೇ? ಹೆಂಡಿರು ಮಕ್ಕಳೊಡನೆ ಸಮುದ್ರಕ್ಕೆ ಹೋಗಿ ಬದುಕಿಕೋ ಎಂದು ಕಳುಹಿಸಲಿಲ್ಲವೇ?"

ಮನೆ ಒಂದು ಕ್ಷಣ ಸುಮ್ಮನಾಯಿತು. ಆಗ ಬಾಲ್ಕನಿಯ ಕಡೆಯಿಂದ ಮಾತು ಬಂತು.

"ನಮ್ಮ ತೋಟದಲ್ಲೇ ಇತ್ತಲ್ಲ ಮಗೂ."

ಎಲ್ಲರೂ ತಿರುಗಿ ನೋಡಿದರು. ಅಜ್ಜ ಕುರ್ಚಿಯನ್ನು ಒಳಕ್ಕೆ ತಿರುಗಿಸಿಕೊಂಡಿದ್ದರು. ಗೇಣುದ್ದದ ಓತಿ, ಮರದ ತೊಗಟೆಯದೇ ಬಣ್ಣ, ಅಂಟಿ ಕುಳಿತರೆ ಹತ್ತಿರ ನಿಂತವನಿಗೂ ಕಾಣದು. ಗಂಡಾದರೆ ಗಂಟಲ ಕೆಳಗಿನ ಹಳದಿ ಚೀಲವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚಿ ಮಾಡುವುದು. ಮರದ ಮೇಲೆ ಇರುವೆಗಳನ್ನು ಆರಿಸಿ ತಿನ್ನುವುದು. ನೋಡನೋಡುತ್ತಿದ್ದಂತೆ ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ನಡುವಣ ತೆಳುದೊಗಲನ್ನು ಕೊಡೆಯಂತೆ ಬಿಡಿಸಿ, ಈ ಅಡಕೆ ಮರದಿಂದ ಆ ಅಡಕೆ ಮರಕ್ಕೆ ತೇಲಿಹೋಗುವುದು. "ಕೊನೆ ತೆಗೆಯುವ ಕಾಲದಲ್ಲಿ ನೋಡಿದ್ದೇನೆ. ಬೆಂಕಿಗಿಂಕಿ ಏನೂ ಇಲ್ಲ. ಪಾಪದ್ದು."

ತಂದೆ ಫೋನಿನಲ್ಲಿ ಹುಡುಕಿದರು. ಮುಖ ಅರಳಿತು. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಹಾರುವ ಓತಿಗಳ ಕುಲಕ್ಕೆ ಇಟ್ಟ ಹೆಸರೇ 'ಡ್ರ್ಯಾಕೊ'. ಲ್ಯಾಟಿನಿನಲ್ಲಿ ಡ್ರ್ಯಾಗನ್ ಎಂದೇ ಅರ್ಥ. ಪಶ್ಚಿಮ ಘಟ್ಟದಲ್ಲಿರುವುದು 'ಡ್ರ್ಯಾಕೊ ಡುಸುಮಿಯೇರಿ'. ಅವರಿಗೆ ಇನ್ನೊಂದು ನೆನಪೂ ಆಯಿತು. ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ 'ಕರ್ವಾಲೊ' ಕಾದಂಬರಿಯನ್ನು, ಅದರಲ್ಲಿಯ ಹಾರುವ ಓತಿಯ ಬೇಟೆಯನ್ನು, ಅವರು ಕಾಲೇಜಿನ ದಿನಗಳಲ್ಲಿ ನಿದ್ದೆಗೆಟ್ಟು ಓದಿದ್ದರು. ಆ ಓತಿ ತಮ್ಮ ತೋಟದಲ್ಲೇ ಇತ್ತೆಂದು ತಿಳಿದಿರಲಿಲ್ಲ. ಹತ್ತನೆಯ ವಯಸ್ಸಿಗೇ ಹಾಸ್ಟೆಲು ಸೇರಿದವರು ಅವರು. ರಜೆಗೆ ಬಂದಾಗ ತೋಟಕ್ಕೆ ಇಳಿದದ್ದು ಕಡಿಮೆ.

"ನನಗೆ ಯಾಕೆ ಹೇಳಲಿಲ್ಲ, ಅಪ್ಪಯ್ಯ?"

"ನೀನು ಕೇಳಲಿಲ್ಲವಲ್ಲ," ಎಂದರು ಅಜ್ಜ. ಆ ಮಾತಿನಲ್ಲಿ ದೂರು ಇರಲಿಲ್ಲ; ಆದರೂ ಮಗ ಸ್ವಲ್ಪ ಹೊತ್ತು ತಲೆಯೆತ್ತಲಿಲ್ಲ.

ಏರ್ಪಾಡಿನವರಿಗೆ ಬೇಡವೆಂದು ತಿಳಿಸಿದ್ದಾಯಿತು. ಅಜ್ಜನ ಕುರ್ಚಿ ಊಟದ ಮೇಜಿನ ಬಳಿಗೆ ಬಂತು. ಹಳೆಯ ಕ್ಯಾಲೆಂಡರಿನ ಹಾಳೆ, ಪೊರಕೆಯಿಂದ ಕಿತ್ತ ತೆಂಗಿನಕಡ್ಡಿ, ಗೋಂದು, ಗಂಟಲಿಗೆ ಬಳಿಯಲು ಹಳದಿ ಬಣ್ಣ. ಮೊದಲ ನಾಲ್ಕು ಓತಿಗಳು ನೆಲಕ್ಕೆ ಮೂಗು ಕುಟ್ಟಿದವು. ಐದನೆಯದರ ತಲೆಗೆ ಕಡ್ಡಿಯ ಭಾರ ಹೆಚ್ಚಿಸಿದ ಮೇಲೆ ಅದು ಸೋಫಾದಿಂದ ದೇವರಮನೆಯ ಬಾಗಿಲವರೆಗೆ ತೇಲಿತು. ಹಬ್ಬದ ದಿನ ಹದಿನೈದು ಮಕ್ಕಳೂ ತಮ್ಮ ತಮ್ಮ ಡ್ರ್ಯಾಗನ್ನುಗಳನ್ನು ತಾವೇ ಮಾಡಿದರು, ಹಾರಿಸಿದರು, ಮನೆಗೊಯ್ದರು. ಚಾಕೊಲೇಟನ್ನು ಯಾರ ಹೊಟ್ಟೆಯನ್ನೂ ಒಡೆಯದೆ ತಟ್ಟೆಯಲ್ಲಿಟ್ಟು ಹಂಚಲಾಯಿತು.

ಮೇಣದಬತ್ತಿಯ ವಿಷಯದಲ್ಲಿ ಮಾತ್ರ ಚಿಕ್ಕದೊಂದು ತಕರಾರಾಯಿತು. ಅಜ್ಜಿ ದೀಪವನ್ನು 'ಆರಿಸು' ಎಂದು ಬಾಯಲ್ಲಿ ಕೂಡ ಆಡಿದವರಲ್ಲ, 'ದೊಡ್ಡದು ಮಾಡು' ಎನ್ನುವರು. ಹುಟ್ಟಿದ ದಿನ ದೀಪ ಊದುವುದು ಅವರಿಗೆ ಸೇರದು. ತೀರ್ಪು ಕೊಟ್ಟವನು ಹುಡುಗನೇ. "ಡ್ರ್ಯಾಗನ್ ಬೆಂಕಿ ಹೊತ್ತಿಸತ್ತೆ, ಆರಿಸಲ್ಲ." ತಾಯಿ ಕೈ ಹಿಡಿದರು, ಅವನು ಏಳು ಹಣತೆಗಳನ್ನು ಹಚ್ಚಿದನು, ಅಜ್ಜಿ ಆರತಿ ಎತ್ತಿದರು.

ಅತಿಥಿಗಳು ಹೋದ ಮೇಲೆ ಹುಡುಗನು ಅಜ್ಜನ ತೊಡೆಗೊರಗಿ ಕೇಳಿದನು: "ಅಜ್ಜ, ನಿಜವಾದ್ದನ್ನ ತೋರಿಸ್ತೀಯಾ?"

ಮಗನೂ ಸೊಸೆಯೂ ಮುಖ ಮುಖ ನೋಡಿಕೊಂಡರು. ಎಂಟು ತಿಂಗಳಿಂದ ಈ ಮನೆಯಲ್ಲಿ ತೋಟದ ಹೆಸರೆತ್ತಲು ಎಲ್ಲರೂ ಅಂಜುತ್ತಿದ್ದರು.

ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ತೋಟ ಈಗ ನಮ್ಮದಲ್ಲ ಮಗೂ. ಆದರೆ ಓತಿ ಯಾರ ತೋಟವೆಂದು ಕೇಳಿ ಕೂರುವುದಿಲ್ಲ. ಕೊಂಡವರು ಒಳ್ಳೆಯವರು. ಹೋದರೆ ಬೇಡವೆನ್ನಲಾರರು."

ಮರುದಿನ ಬೆಳಗ್ಗೆ ತಂದೆ ಗೋಡೆಯ ಕ್ಯಾಲೆಂಡರಿನಲ್ಲಿ ರಜೆಯ ದಿನಗಳನ್ನು ಎಣಿಸಿದರು. ಕ್ಯಾಲೆಂಡರಿನ ಹಿಂದಿನ ಹಾಳೆಗಳೆಲ್ಲ ಓತಿಗಳಾಗಿ ಹಾರಿಹೋಗಿದ್ದವು. ಮುಂದಿನವು ಇನ್ನೂ ಉಳಿದಿದ್ದವು.