ಬೆಕ್ಕಿನ ಉಗುರೂ ತೌರಿನ ಜಮಖಾನೆಯೂ

ನವಲಗುಂದದ ಹೆಂಗಸರು ನಿಲುವಾದ ಮಗ್ಗದಲ್ಲಿ ನವಿಲು, ಪಗಡೆಹಾಸುಗಳ ಚಿತ್ತಾರವಿಟ್ಟು ನೆಯ್ಯುವ ಜಮಖಾನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ತೌರಿನಿಂದ ಬಂದ ಅಂಥ ಜಮಖಾನೆಯ ಅಂಚಿಗೇ, ನಿದ್ದೆ ತಿಳಿದೆದ್ದ ಬೆಕ್ಕು ಬೆನ್ನು ನೀಡಿ ಉಗುರಿಕ್ಕಿದರೆ ಗೃಹಿಣಿಯ ಕೈಗೆ ಪೊರಕೆ ಬರುವುದು ಸಹಜವೇ. ಅಟ್ಟದ ಇಲಿಯನ್ನು ಹಿಡಿದಂದು ಹೊಗಳಿಸಿಕೊಂಡ ಉಗುರೂ ಇದೇ ಎಂಬುದು ಆಗ ಯಾರಿಗೂ ನೆನಪಾಗದು.

ಆದರೆ ಮಾರ್ಜಾಲಕ್ಕೆ ಇದು ತುಂಟತನವಲ್ಲ, ನಿತ್ಯಕರ್ಮ. ಕೆರೆದಾಗ ಉಗುರಿನ ಹಳೆಯ ಪೊರೆ ಕಳಚುವುದು, ಮೈ ಸಡಿಲವಾಗುವುದು. ಪಾದದ ಗ್ರಂಥಿಗಳಿಂದ ಒಸರುವ ವಾಸನೆಯು ಆ ಸ್ಥಳ ತನ್ನದೆಂದು ಸಾರುವುದು. ಹೊಡೆದರೆ ಅದು ಕಲಿಯುವ ಪಾಠ ಒಂದೇ: ಒಡತಿಯಿಲ್ಲದಾಗ ಕೆರೆಯಬೇಕು. ಉಗುರನ್ನೇ ತೆಗೆಸುವುದಂತೂ ಬೆರಳ ತುದಿಮೂಳೆಯನ್ನು ಕತ್ತರಿಸುವ ಕ್ರೌರ್ಯ. ವೈದ್ಯಕೀಯ ಕಾರಣವಿಲ್ಲದೆ ಹಾಗೆ ಮಾಡುವುದನ್ನು ನ್ಯೂಯಾರ್ಕ್ ಸಂಸ್ಥಾನವು 2019ರಲ್ಲಿ ನಿಷೇಧಿಸಿತು.

ಮಾಡಬೇಕಾದುದು ಸ್ವಲ್ಪವೇ. ಬೆಕ್ಕು ಮೈಚಾಚುವಷ್ಟು ಉದ್ದದ ಹಲಗೆಗೆ ಗೋಣಿಯನ್ನು ಬಿಗಿಯಾಗಿ ಸುತ್ತಿ, ಅದು ಕೆಡಿಸುತ್ತಿದ್ದ ಅಂಚಿನ ಬಳಿಯೇ ಮಲಗಿಸಿಡಬೇಕು. ಅಲುಗಾಡಿದರೆ ಬೆಕ್ಕು ಮತ್ತೆ ಅದನ್ನು ಮುಟ್ಟದು. ಅಲ್ಲಿ ಕೆರೆದೊಡನೆ ಒಂದು ಚೂರು ತಿನಿಸು. ರೂಢಿಯಾದ ಮೇಲೆ ಹಲಗೆಯನ್ನು ದಿನಕ್ಕೊಂದು ಗೇಣು ಮೂಲೆಯತ್ತ ಸರಿಸಬಹುದು.